ಮೊದಲ ನೀರು

ಜನವರಿ ೧೨

ನನ್ನ ಗೂಬೆಗೆ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಬೈಗುಳ.

ಹೆತ್ತ ತಾಯಿಗೆ ಮಗನ ಸುದ್ದಿ ಬೇರೆಯವರ ಬಾಯಿಂದ ಗೊತ್ತಾಗಬೇಕೇ? ಭಾನುವಾರ ಪೂಜೆ ಮುಗಿದ ಮೇಲೆ ಬಲಿಪೀಠದ ಬಟ್ಟೆಗಳನ್ನು ಒಗೆಯಲು ತರೋಣವೆಂದು ಚರ್ಚಿನ ಹಿಂದಿನ ಕೋಣೆಗೆ ಹೋಗಿದ್ದೆ. ನಮ್ಮ ಫಾದರ್ ಕಪಾಟಿನ ಬೀಗದ ಜೊತೆ ಒದ್ದಾಡುವವರ ಹಾಗೆ ನಟಿಸುತ್ತ ನಿಂತಿದ್ದರು. ಆ ಬೀಗಕ್ಕೆ ಎಣ್ಣೆ ಹಾಕುವವಳು ನಾನು, ಮುಟ್ಟಿದರೆ ಸಾಕು ಅದು ತೆರೆದುಕೊಳ್ಳುತ್ತದೆ. "ಏನೋ ಹೇಳೋದಿದೆ ನಿಮಗೆ. ಹೇಳಿಬಿಡಿ ಫಾದರ್, ನನಗೆ ಮನೇಲಿ ಕೆಲಸ ಇದೆ" ಅಂದೆ. ಆಗ ಹೇಳಿದರು. ನೀನು ಇನ್ನು ಜನರ ಮುಂದೆ ಪೂಜೆ ಮಾಡುವಂತಿಲ್ಲವಂತೆ. ಯಾರ ಪಾಪನಿವೇದನೆಯನ್ನೂ ಕೇಳುವಂತಿಲ್ಲವಂತೆ. ಸೆಮಿನರಿಯಲ್ಲಿ ದೈವಶಾಸ್ತ್ರದ ಪಾಠ ಹೇಳುವಂತಿಲ್ಲವಂತೆ. ಬೇಕಿದ್ದರೆ ಒಬ್ಬನೇ ಬಾಗಿಲು ಮುಚ್ಚಿಕೊಂಡು ಪೂಜೆ ಮಾಡಿಕೊಳ್ಳಬಹುದಂತೆ. ಎಲ್ಲ ಆ ನಿನ್ನ ಪುಸ್ತಕದ ದೆಸೆಯಿಂದ.

ಆದರೂ ಬಟ್ಟೆಗಳನ್ನು ತೆಗೆದುಕೊಂಡು ಬಂದು ಒಗೆದೆ. ಬೇರೆ ಏನು ಮಾಡಲಿ.

ನನ್ನ ಎದೆಯ ಸಮಾಚಾರ ನಿನಗೆ ತಿಳಿದದ್ದೇ. ಡಾಕ್ಟರು ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಕೇಳುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಮಾತ್ರೆ ಬದಲಾಯಿಸುತ್ತಾರೆ. ಒಳಗೆ ಯಾವುದೋ ಕವಾಟ ಸಡಿಲವಂತೆ. ನಮ್ಮ ಬಚ್ಚಲ ನಲ್ಲಿಯೂ ಸಡಿಲವೇ, ಅದೂ ಹೇಗೋ ನಡೆದುಕೊಂಡು ಹೋಗುತ್ತಿದೆ. ನನಗೆ ಹೆದರಿಕೆಯಿಲ್ಲ. ಆಸೆ ಮಾತ್ರ ಒಂದಿದೆ, ಅದನ್ನು ಎಷ್ಟು ಕಾಗದದಲ್ಲಿ ಬರೆದಿಲ್ಲ ನಾನು? ನೀನು ಬಂದು ನಮ್ಮ ಚರ್ಚಿನಲ್ಲಿ ಒಂದು ಪೂಜೆ ಮಾಡಬೇಕು. ನಾನು ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಸಿರಬೇಕು. ನಿನ್ನ ಕೈಯಿಂದ ನಾನು ಪರಮಪ್ರಸಾದ ತೆಗೆದುಕೊಳ್ಳಬೇಕು. ಗುರುದೀಕ್ಷೆಯಾದ ದಿನ ನಿನ್ನ ಕೈಯಿಂದ ತೆಗೆದುಕೊಂಡದ್ದು. ಆಮೇಲೆ ಓದು ಅಂದೆ, ಪಾಠ ಅಂದೆ, ಪುಸ್ತಕ ಅಂದೆ, ಈಗ ಆ ಆಸ್ಪತ್ರೆಯ ಲಾಂಡ್ರಿ ಹಿಡಿದು ಕೂತಿದ್ದೀಯ.

ಬಿಷಪ್ಪರು ನೇಮಿಸಿದ ಆಯೋಗದವರು ನಿನಗೊಂದು ಕಾಗದ ಕೊಟ್ಟಿದ್ದಾರಂತಲ್ಲ. ಒಂದು ಪುಟ ಹಿಂದಕ್ಕೆ ತೆಗೆದುಕೊಂಡೆ ಅಂತ ಸಹಿ ಹಾಕಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದಂತೆ. ಅಷ್ಟು ದಪ್ಪ ಪುಸ್ತಕದಲ್ಲಿ ಒಂದು ಪುಟ ಹೋದರೆ ನಿನ್ನದೇನು ಗಂಟು ಹೋಗುತ್ತದೆ? ಸಹಿ ಹಾಕಿ ಬಾ.

ಆಶೀರ್ವಾದಗಳು. ಬೈದದ್ದಕ್ಕಿಂತ ಹೆಚ್ಚೇ ಇವೆ ಅಂತ ತಿಳಿದುಕೋ.

ಅಮ್ಮ


ಜನವರಿ ೩೦

ಅಮ್ಮ,

ಬೈಗುಳ ತಲುಪಿತು. ಎರಡು ಸಲ ಓದಿದೆ. ನಿನ್ನ ದನಿ ಕೇಳಿದ ಹಾಗಾಗಿ ಮೂರನೆಯ ಸಲವೂ ಓದಿದೆ.

ನಾನೇ ಬರೆಯಬೇಕಿತ್ತು, ನಿಜ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಪೆನ್ನು ನಿಂತುಬಿಡುತ್ತಿತ್ತು. "ಅಮ್ಮ, ನಾನು ಇನ್ನು ನಿನಗೆ ಪರಮಪ್ರಸಾದ ಕೊಡಲಾರೆ" ಅಂತ ಯಾವ ಮಗ ಹೇಗೆ ಬರೆಯಬೇಕು, ನೀನೇ ಹೇಳು.

ನಾನಿರುವ ಜಾಗ ನೀನು ನೋಡಿಲ್ಲ. ಆಸ್ಪತ್ರೆಯ ಹಿಂದಿನ ಗೋಡೆಗೆ ಅಂಟಿಕೊಂಡ ಉದ್ದನೆಯ ತಗಡಿನ ಶೆಡ್ಡು. ಬೆಳಗ್ಗೆ ತಳ್ಳುಗಾಡಿಗಳಲ್ಲಿ ಬಟ್ಟೆಯ ಗಂಟುಗಳು ಬರುತ್ತವೆ. ಅವನ್ನು ಬಿಚ್ಚುವಾಗ ವಾಸನೆಗೆ ಮುಖ ತಿರುಗಿಸುವಂತಿಲ್ಲ, ಒಳಗೆ ಸೂಜಿ ಇರಬಹುದು. ಮೊದಲು ತಣ್ಣೀರಿನ ತೊಟ್ಟಿ. ರಕ್ತದ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ, ಅದು ನಿನಗೆ ನಾನು ಹೇಳಬೇಕಾಗಿಲ್ಲ. ಆಮೇಲೆ ಸೋಡಾ ಹಾಕಿ ಕುದಿಸುವ ಹಂಡೆಗಳು. ಆಮೇಲೆ ಇಬ್ಬಿಬ್ಬರು ನಿಂತು ಹಿಂಡುವುದು, ಹಗ್ಗದ ಮೇಲೆ ಹರವುವುದು. ಮಡಚುವ ಕೆಲಸದಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಬೆಡ್‌ಶೀಟಿನ ಎರಡು ಮೂಲೆ ನಾನು ಹಿಡಿಯುತ್ತೇನೆ, ಇನ್ನೆರಡು ಮೂಲೆ ದೊಡ್ಡಕ್ಕ. ಇಲ್ಲಿನ ಹೆಂಗಸರಿಗೆಲ್ಲ ಹಿರಿಯಳು ಆಕೆ. "ಫಾದರ್, ಪುಸ್ತಕ ಬರೆಯೋಕೆ ಬರತ್ತೆ, ಮೂಲೆಗೆ ಮೂಲೆ ಸೇರಿಸೋಕೆ ಬರಲ್ವಾ?" ಅಂತ ದಿನಾ ಕೇಳುತ್ತಾಳೆ.

ಇವರಲ್ಲಿ ಅರ್ಧ ಜನ ನಮ್ಮ ಚರ್ಚಿಗೆ ಬರುವವರೇ ಅಲ್ಲ. ಎಲ್ಲರ ಕೈಯೂ ಸೋಡಾ ತಿಂದು ಬಿರುಕು ಬಿಟ್ಟಿದೆ. ಕೈಗವಸು ಕೇಳಿದರೆ ಗುತ್ತಿಗೆದಾರ ನಗುತ್ತಾನೆ. ಒಬ್ಬಳಿಗೆ ಸೂಜಿ ಚುಚ್ಚಿ ಕೈ ಬಾತುಕೊಂಡಾಗ ರಜೆ ಕೇಳಿದ್ದಕ್ಕೆ ಕೆಲಸದಿಂದಲೇ ತೆಗೆದ. ಸೆಮಿನರಿಯಲ್ಲಿ ನಾನು ಬಡವರ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದ್ದೆ. ಇಲ್ಲಿ ಬಂದ ಮೇಲೆ ಆ ಟಿಪ್ಪಣಿಗಳನ್ನು ತೆರೆದು ನೋಡಲು ನಾಚಿಕೆಯಾಯಿತು. ಹೊಸ ಪುಸ್ತಕವನ್ನು ಮಡಚುವ ಮೇಜಿನ ಮೇಲೆಯೇ ಕೂತು ಬರೆದೆ.

ಆ ಪುಟದಲ್ಲಿ ಇರುವುದು ನಿನ್ನ ಕೆಲಸ, ಅಮ್ಮ. ಪೂಜೆಯಲ್ಲಿ ಪಾತ್ರೆಯ ಕೆಳಗೆ ಹಾಸುವ ಬಟ್ಟೆಯನ್ನು ನೀನು ಒಗೆಯುವಾಗ ಅದರ ಮೊದಲ ನೀರನ್ನು ಚರಂಡಿಗೆ ಬಿಡುವುದಿಲ್ಲ. ಬಕೆಟ್ಟಿನಲ್ಲಿ ಹಿಡಿದು ಗುಲಾಬಿ ಗಿಡದ ಬುಡಕ್ಕೆ ಹಾಕುತ್ತೀಯ. ಕ್ರಿಸ್ತನ ಶರೀರವೆಂದು ನಾವು ನಂಬುವ ಪರಮಪ್ರಸಾದದ ರೊಟ್ಟಿಯ ಒಂದು ಕಣವಾದರೂ ಬಟ್ಟೆಯಲ್ಲಿ ಉಳಿದಿರಬಹುದು, ಅದು ಕೊಚ್ಚೆಗೆ ಸೇರಬಾರದು ಅಂತ. ನಾನು ಬರೆದದ್ದು ಇಷ್ಟೇ: "ಬಡ ರೋಗಿಯ ಹಾಸಿಗೆಯಲ್ಲಿ ಮಲಗಿರುವವನೂ ಕ್ರಿಸ್ತನೇ ಎಂದು ನಂಬುವುದಾದರೆ ಆ ಬಟ್ಟೆ ಒಗೆಯುವವಳು ಬಲಿಪೀಠದ ಬಟ್ಟೆ ಒಗೆಯುವವಳಿಗಿಂತ ಕೆಳಗಿಲ್ಲ. ಎರಡು ನೀರಿಗೂ ಒಂದೇ ಗೌರವ ಸಲ್ಲಬೇಕು." ಆಯೋಗದವರಿಗೆ ಈ ಕೊನೆಯ ವಾಕ್ಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ಪರಮಪ್ರಸಾದವನ್ನು ಕೊಳಕು ನೀರಿಗೆ ಸಮ ಮಾಡಿದ್ದೇನಂತೆ.

ದೊಡ್ಡಕ್ಕ ಆ ಪುಟವನ್ನು ಓದಿಸಿಕೊಂಡು, ದೊಡ್ಡ ಅಕ್ಷರದಲ್ಲಿ ಬರೆಸಿ, ತೊಟ್ಟಿಯ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಈಗ ಕೈಗವಸು ಕೇಳಲು ಇವರೆಲ್ಲ ಒಟ್ಟಾಗಿ ಹೋಗುತ್ತಾರೆ. ನಾನು ಸಹಿ ಹಾಕಿದ ದಿನ ಗುತ್ತಿಗೆದಾರ ಬಂದು, "ನಿಮ್ಮ ಪಾದ್ರಿನೇ ಉಗುಳಿದ್ದನ್ನ ನುಂಗಿದಾನೆ, ಕಿತ್ತಾಕಿ ಅದನ್ನ" ಅನ್ನುತ್ತಾನೆ. ಆಮೇಲೆ ನಾನು ಬೆಡ್‌ಶೀಟಿನ ಮೂಲೆ ಹಿಡಿದು ಆಕೆಯ ಎದುರು ಹೇಗೆ ನಿಲ್ಲಲಿ?

ನಿನ್ನ ಆಸೆ ನನ್ನ ಆಸೆಯೂ ಹೌದು. ಇದನ್ನು ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ. ಮಾತ್ರೆ ತಪ್ಪಿಸಬೇಡ.

ನಿನ್ನ ಮಗ


ಫೆಬ್ರವರಿ ೨೦

ಗೂಬೆಗೆ,

ಪುಟ ಓದಿದೆ. ನಿನ್ನ ತಂಗಿ ಔಷಧಿ ಅಂಗಡಿಯಿಂದ ಬರುವಾಗ ಪುಸ್ತಕದ ಅಂಗಡಿಗೆ ಹೋಗಿ ತಂದಳು. ನೀನು ಅಮ್ಮನಿಗೊಂದು ಪ್ರತಿ ಕಳಿಸುವಷ್ಟು ದೊಡ್ಡವನಾಗಿಲ್ಲ ಅಂತ ಕಾಣುತ್ತದೆ.

ನನಗೆ ಮೈ ಉರಿಯಿತು. ಆ ಬಟ್ಟೆಗಳನ್ನು ಮುಟ್ಟುವ ಮೊದಲು ನಾನು ಬಳೆ ತೆಗೆದಿಟ್ಟು, ಕೈ ಉಜ್ಜಿ ತೊಳೆದುಕೊಂಡು, ಒಂದು ಪ್ರಾರ್ಥನೆ ಹೇಳಿಕೊಳ್ಳುತ್ತೇನೆ. ನೀರು ಗಿಡಕ್ಕೆ ಹಾಕುವಾಗ ಇನ್ನೊಂದು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಇದು ನಡೆದಿದೆ. ನಿನ್ನಪ್ಪ ತೀರಿಕೊಂಡ ವಾರವೂ ತಪ್ಪಿಸಿಲ್ಲ. ಅದನ್ನು ತೆಗೆದುಕೊಂಡು ಹೋಗಿ ಯಾರ್‍ಯಾರದೋ ಹೇಲು ಉಚ್ಚೆ ರಕ್ತದ ಪಕ್ಕದಲ್ಲಿ ಇಟ್ಟಿದ್ದೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು? ಬಡವರಿಗೆ ಕೈಗವಸು ಕೊಡಿಸು, ರಜೆ ಕೊಡಿಸು, ಯಾರು ಬೇಡ ಅಂದರು. ಅದಕ್ಕೆ ನನ್ನ ಬಕೆಟ್ಟು ಯಾಕೆ ಬೇಕಿತ್ತು?

ಆಯೋಗದವರು ನಿನ್ನ ಮೇಲಿನ ದ್ವೇಷಕ್ಕೆ ಹೀಗೆ ಮಾಡಿದರು ಅಂದುಕೊಂಡಿದ್ದೆ. ಪುಟ ಓದಿದ ಮೇಲೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಅನ್ನಿಸಿತು. ಹೀಗೆ ಬರೆಯಲು ನನಗೂ ಸಂಕಟವೇ.

ನಿನ್ನ ತಂಗಿ ಅಡುಗೆಮನೆಯಿಂದಲೇ, "ಅಣ್ಣನ ಜೊತೆ ಕಾಗದದಲ್ಲಿ ಜಗಳ ಆಡೋ ಬದಲು ಹೋಗಿ ಎದುರಿಗೇ ಆಡು" ಅಂದಳು. ತಮಾಷೆಗೆ ಅಂದದ್ದು. ನಾನು ಚೀಲ ತೆಗೆದು ಒರೆಸಿಟ್ಟಿದ್ದೇನೆ. ಬಿಸಿಲು ಏರುವ ಮೊದಲು ಬರುತ್ತೇನೆ. ನಿನ್ನನ್ನು ನೋಡದೆ ನನಗೆ ಇರಲು ಆಗುತ್ತಿಲ್ಲ, ಅದೇ ನಿಜವಾದ ಕಾರಣ. ಜಗಳ ಒಂದು ನೆಪ.

ಅಮ್ಮ


ಮಾರ್ಚ್ ೯

ಅಮ್ಮ,

ಬಾ. ಬೇಗ ಬಾ. ದೊಡ್ಡಕ್ಕನಿಗೆ ಹೇಳಿದಾಗಿನಿಂದ ಆಕೆ ಶೆಡ್ಡಿನವರಿಗೆಲ್ಲ, "ಫಾದರ್ ಅಮ್ಮ ಬರ್ತಾರೆ, ಬಾಯಿ ಬಿಗಿ ಹಿಡೀರಿ" ಅಂತ ತಾಕೀತು ಮಾಡುತ್ತಿದ್ದಾಳೆ. ಅತಿ ಕೆಟ್ಟ ಬಾಯಿ ಆಕೆಯದೇ.

ನನ್ನ ಕೋಣೆ ಚಿಕ್ಕದು. ಒಂದು ಮಂಚ, ಒಂದು ಮೇಜು, ಗೋಡೆಯಲ್ಲಿ ಒಂದು ಗೂಡು. ಮಂಚ ನಿನಗೆ. ನಾನು ಮಡಚುವ ಮೇಜಿನ ಮೇಲೆ ಮಲಗುತ್ತೇನೆ, ಅದು ಮಂಚಕ್ಕಿಂತ ಉದ್ದವಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನೀನು ಬಂದ ಮೇಲೆ ಹೇಳಲು ನನ್ನಿಂದಾಗದು. ಭಾನುವಾರ ನಿನ್ನನ್ನು ಪಕ್ಕದ ಬೀದಿಯ ಚರ್ಚಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಫಾದರ್ ಒಳ್ಳೆಯವರು. ನಾನು ನಿನ್ನ ಜೊತೆ ಬೆಂಚಿನಲ್ಲಿ ಕೂರುತ್ತೇನೆ. ಪರಮಪ್ರಸಾದವನ್ನು ನೀನು ಅವರ ಕೈಯಿಂದ ತೆಗೆದುಕೊಳ್ಳಬೇಕು.

ಸ್ವೆಟರ್ ತಾ. ಶೆಡ್ಡಿನ ಕಡೆಯಿಂದ ಬೆಳಗ್ಗೆ ಒದ್ದೆ ಗಾಳಿ ಬೀಸುತ್ತದೆ.

ನಿನ್ನ ಗೂಬೆ


ಮೇ ೩

ಗೂಬೆಗೆ,

ಸುಖವಾಗಿ ಬಂದು ತಲುಪಿದೆ. ರೈಲಿನಲ್ಲಿ ಎದುರಿಗೆ ಕೂತಿದ್ದವನು ದಾರಿಯುದ್ದಕ್ಕೂ ಗೊರಕೆ ಹೊಡೆದ. ನಿನ್ನ ತಂಗಿ ಸ್ಟೇಷನ್ನಿಗೆ ಬಂದಿದ್ದಳು. "ಜಗಳ ಯಾರು ಗೆದ್ದರು?" ಅಂತ ಕೇಳಿದಳು. ಟೈಮೇ ಸಿಗಲಿಲ್ಲ ಅಂದೆ.

ನಿಜಕ್ಕೂ ಸಿಗಲಿಲ್ಲ ನೋಡು. ನೀನು ಎಷ್ಟು ತೆಳ್ಳಗಾಗಿದ್ದೀಯ ಅನ್ನುವುದರಲ್ಲೇ ಎರಡು ದಿನ ಹೋಯಿತು. ನಿನ್ನ ಅಂಗಿಗಳ ಕಾಲರ್ ತಿರುವಿ ಹೊಲಿಯುವುದರಲ್ಲಿ ಇನ್ನೊಂದು ದಿನ. ದೊಡ್ಡಕ್ಕ ಸಂಜೆ ಬಂದು ಮೆಟ್ಟಿಲ ಮೇಲೆ ಕೂತು ತನ್ನ ಗಂಡ, ಸೊಸೆ, ಮಂಡಿನೋವು ಎಲ್ಲ ಹೇಳಿದಳು. ಬಾಯಿ ಕೆಟ್ಟದ್ದೇ. ಮನಸ್ಸು ಒಳ್ಳೆಯದು. ನನ್ನ ಕೈ ಹಿಡಿದು ತಿರುಗಿಸಿ ನೋಡಿ, "ನೀವೂ ನಮ್ಮ ಕಸುಬಿನೋರೇ ಅಲ್ವಾ ಅಮ್ಮ" ಅಂದಳು. ನಾನು ಕೈ ಬಿಡಿಸಿಕೊಂಡು ಸೂಜಿಗೆ ದಾರ ಪೋಣಿಸಿದೆ.

ಇನ್ನು ಆ ಬೆಳಗಿನ ವಿಷಯ. ನೀನು ಪೂಜೆಗೆ ಪಾತ್ರೆ ತೆಗೆದಿಟ್ಟು, ನನ್ನ ಮುಖ ನೋಡಿ, "ಅಮ್ಮ, ಮನೆಯವರು ಒಬ್ಬರು ಇದ್ದರೆ ಅದನ್ನು ಜನ ಅನ್ನೋಕಾಗಲ್ಲ" ಅಂದೆ. ನನಗೆ ಎಷ್ಟು ಆಸೆಯಾಯಿತು ಅಂತ ನಿನಗೆ ಗೊತ್ತಿಲ್ಲ. ಆದರೂ ಎದ್ದು ಹೊರಗೆ ಹೋದೆ. ಒಬ್ಬನೇ ಮಾಡಬೇಕು ಅಂತ ಅಪ್ಪಣೆಯಾಗಿದ್ದರೆ ಒಬ್ಬನೇ ಮಾಡಬೇಕು. ಪಾದ್ರಿ ಅಮ್ಮನಿಗೆ ಕದ್ದು ಪೂಜೆ ಮಾಡಿದ ಅಂತ ನಾಳೆ ಯಾರೂ ನಿನ್ನ ಮೇಲೆ ಬೆರಳು ತೋರಿಸಬಾರದು. ನೀನು ಬಾಗಿಲು ಹಾಕಿಕೊಂಡೆ. ನಾನು ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ನಿನ್ನ ದನಿ ಗುಣುಗುಣು ಅಂತ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಜನ ಹೇಳಬೇಕಾದ ಉತ್ತರಗಳನ್ನು ನಾನು ಹೊರಗೆ ಮೆಲ್ಲಗೆ ಹೇಳಿಕೊಂಡೆ. ಅದು ತಪ್ಪಾಗಿದ್ದರೆ ತಪ್ಪು ನನ್ನದು.

ಸಹಿಯ ವಿಷಯ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗಲೂ ಎತ್ತುವುದಿಲ್ಲ.

ಹೊಟ್ಟೆ ತುಂಬ ಊಟ ಮಾಡು.

ಅಮ್ಮ


ಮೇ ೨೨

ಅಮ್ಮ,

ತಂಗಿ ಫೋನ್ ಮಾಡಿದ್ದಳು. ಚರ್ಚಿನ ನಲ್ಲಿಯ ಹತ್ತಿರ ನೀನು ಬಿದ್ದಿದ್ದೆ, ಎರಡು ದಿನ ಆಸ್ಪತ್ರೆಯಲ್ಲಿದ್ದೆ ಅಂತ ಅವಳಿಂದ ಗೊತ್ತಾಯಿತು. ಹೆತ್ತ ಮಗನಿಗೆ ತಾಯಿಯ ಸುದ್ದಿ ಬೇರೆಯವರ ಬಾಯಿಂದ ಗೊತ್ತಾಗಬೇಕೇ ಅಂತ ನಾನೂ ಬೈಯಬಹುದು. ಬೈಯುವ ಶಕ್ತಿ ಇಲ್ಲ.

ಆ ಬೆಳಿಗ್ಗೆ ಬಾಗಿಲ ಈ ಕಡೆ ಏನಾಯಿತು ಅಂತ ನಿನಗೆ ಹೇಳಬೇಕು. ನೀನು ಹೊರಗೆ ಉತ್ತರ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಎಷ್ಟೋ ತಿಂಗಳಿಂದ ಗೋಡೆಗೆ ಪ್ರಾರ್ಥನೆ ಹೇಳಿ ಗೋಡೆಯ ಉತ್ತರಕ್ಕೆ ಕಾಯುತ್ತಿದ್ದವನು ನಾನು. ಅವತ್ತು ಪ್ರತಿ ಮಾತಿಗೂ ಉತ್ತರ ಬಂತು. ರೊಟ್ಟಿಯನ್ನು ಎರಡಾಗಿ ಮುರಿದೆ. ಒಂದು ತುಂಡನ್ನು ನಾನು ಸ್ವೀಕರಿಸಿದೆ. ಇನ್ನೊಂದನ್ನು ಹಿಡಿದುಕೊಂಡು ಬಾಗಿಲ ತನಕ ಬಂದೆ. ಚಿಲಕದ ಮೇಲೆ ಕೈಯಿಟ್ಟೆ. ನೀನು ಆ ಕಡೆ ಕೆಮ್ಮಿದೆ, ಅಷ್ಟು ಹತ್ತಿರ ಇದ್ದೆ. ನಿಯಮಕ್ಕೆ ನಾನು ಹೆದರಲಿಲ್ಲ. ನೀನಾಗಿ ಎದ್ದು ಹೋದವಳು, ನಿನ್ನ ಆ ಮರ್ಯಾದೆಯನ್ನು ನಾನು ಮುರಿಯಬಾರದು ಅನ್ನಿಸಿತು. ಆ ತುಂಡನ್ನೂ ನಾನೇ ಸ್ವೀಕರಿಸಿದೆ. ಆಮೇಲೆ ಬಾಗಿಲು ತೆರೆದಾಗ ನೀನು, "ಚಹಾ ಇಡಲಾ?" ಅಂತ ಕೇಳಿದೆ.

ಅವತ್ತಿನಿಂದ ನನಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಒಂದು ಪುಟ, ಒಂದು ವಾಕ್ಯ, ಅದರ ಮೇಲೆ ನನಗಿಷ್ಟು ಹಟ ಯಾಕೆ ಅಂತ ಕೇಳಿಕೊಳ್ಳುತ್ತೇನೆ. ಬಡವರ ಪರವಾಗಿ ಅಂತ ಬರೆದವನು ತಾಯಿಯನ್ನು ಮೆಟ್ಟಿಲ ಮೇಲೆ ಕೂರಿಸಿದೆ. ನಿನ್ನ ಎದೆಯ ಕವಾಟ ನನ್ನ ವಾದ ಮುಗಿಯುವವರೆಗೆ ಕಾಯುವುದಿಲ್ಲ.

ತೀರ್ಮಾನ ಮಾಡಿದ್ದೇನೆ. ಜೂನ್ ಹದಿನೈದಕ್ಕೆ ಆಯೋಗದ ಕಾರ್ಯದರ್ಶಿ ಇಲ್ಲಿಗೇ ಬರುತ್ತಾರೆ. ಸಹಿ ಹಾಕುತ್ತೇನೆ. ದೊಡ್ಡಕ್ಕನಿಗೆ ಹೇಳಿದೆ. ಆಕೆ ಬೆಡ್‌ಶೀಟಿನ ಮೂಲೆ ಬಿಡದೆ, ತಲೆ ಎತ್ತದೆ, "ಅಮ್ಮ ಅಂದ್ರೆ ಅಮ್ಮ ತಾನೆ ಫಾದರ್. ಹಾಕಿ" ಅಂದಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಾರನೆಯ ದಿನ ತೊಟ್ಟಿಯ ಮೇಲಿನ ಗೋಡೆ ಖಾಲಿಯಿತ್ತು. ಗುತ್ತಿಗೆದಾರ ಕೀಳುವ ಮೊದಲು ತಾನೇ ತೆಗೆದು ಮಡಚಿಟ್ಟುಕೊಂಡಿದ್ದಾಳೆ.

ಜುಲೈಯಲ್ಲಿ ಬರುತ್ತೇನೆ. ಬಲಿಪೀಠದ ಬಟ್ಟೆಗಳನ್ನು ಇಸ್ತ್ರಿ ಮಾಡಿಡು.

ನಿನ್ನ ಮಗ


ಮೇ ೩೦

ಮಗನೇ,

ಸಹಿ ಹಾಕಬೇಡ.

ಈ ಕಾಗದ ಹದಿನೈದರೊಳಗೆ ತಲುಪಲೇಬೇಕು ಅಂತ ನಿನ್ನ ತಂಗಿಯ ಕೈಯಲ್ಲಿ ಸ್ಪೀಡ್ ಪೋಸ್ಟ್ ಮಾಡಿಸುತ್ತಿದ್ದೇನೆ. ತಲುಪಿದ ಕೂಡಲೇ ಅವಳಿಗೆ ಫೋನ್ ಮಾಡಿ ತಿಳಿಸು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಅಳು ಬಂದು ಅರ್ಧಕ್ಕೆ ನಿಂತರೆ ನೀನು ತಪ್ಪು ತಿಳಿಯುತ್ತೀಯ ಅಂತ ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಬಂದಿದ್ದಾಗ, ನೀನು ಆಯೋಗದ ಮುಂದೆ ಹಾಜರಾಗಲು ಹೋದ ದಿನ, ನಿನ್ನ ಕೋಣೆಯಲ್ಲಿ ಒಬ್ಬಳೇ ಇದ್ದೆ. ಸುಮ್ಮನೆ ಕೂರುವುದು ನನಗಾಗದು. ಶೆಡ್ಡಿನಲ್ಲಿ ಗಂಟುಗಳು ರಾಶಿ ಬಿದ್ದಿದ್ದವು, ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ. ನಾನೂ ಒಂದು ಕೈ ಹಾಕುತ್ತೇನೆ ಅಂದೆ. ದೊಡ್ಡಕ್ಕ ಬೇಡವೆಂದಳು, ನಾನು ಕೇಳಲಿಲ್ಲ. ಕೊನೆಗೆ ತಣ್ಣೀರಿನ ತೊಟ್ಟಿಯ ಹತ್ತಿರ ಸ್ಟೂಲು ಹಾಕಿ ಕೂರಿಸಿ ಒಂದು ಬೆಡ್‌ಶೀಟು ಕೊಟ್ಟಳು. ಹೆರಿಗೆ ವಾರ್ಡಿನದು. ರಕ್ತ ಇತ್ತು. ಬಕೆಟ್ಟಿನಲ್ಲಿ ನೆನೆಸಿ ಅದ್ದಿ ತೆಗೆದೆ. ಈ ಹುಡುಗಿ ಯಾರೋ, ಮಗು ಉಳಿಯಿತೋ ಇಲ್ಲವೋ, ಪಕ್ಕದಲ್ಲಿ ಅವಳಮ್ಮ ಇದ್ದಳೋ ಇಲ್ಲವೋ ಅಂತೆಲ್ಲ ಯೋಚಿಸುತ್ತಿದ್ದೆ. ನೀನು ಹುಟ್ಟುವಾಗ ನಾನು ಪಟ್ಟ ಪಾಡೂ ನೆನಪಿಗೆ ಬಂತು.

ಆಮೇಲೆ ನೋಡಿದರೆ ನಾನು ಅಂಗಳದ ಮೂಲೆಯಲ್ಲಿ ನಿಂತಿದ್ದೇನೆ. ಕೈಯಲ್ಲಿ ಬಕೆಟ್ಟಿದೆ. ಆ ನೀರನ್ನು ಬೇಲಿಯ ಗಿಡದ ಬುಡಕ್ಕೆ ಮೆಲ್ಲಗೆ ಸುರಿಯುತ್ತಿದ್ದೇನೆ. ಬಾಯಲ್ಲಿ ಪ್ರಾರ್ಥನೆ ಹೇಳುತ್ತಿದ್ದೇನೆ.

ಹಿಂದಿನಿಂದ ದೊಡ್ಡಕ್ಕ ಓಡಿ ಬಂದಳು. "ಅಯ್ಯೋ ಅಮ್ಮಾ, ಏನ್ ಮಾಡ್ತಿದೀರಿ? ಅದು ಚರಂಡಿಗೇ ಹೋಗಬೇಕಾದ ನೀರು. ರೋಗಗೀಗ ಹರಡಿದ್ರೆ ನನ್ನ ತಲೆಗೆ ಬರತ್ತೆ." ಅಲ್ಲಿ ಪುಡಿ ಚೆಲ್ಲಿಸಿದಳು, ನನ್ನ ಕೈಗೆ ಏನೋ ಘಾಟಿನ ನೀರು ಹಾಕಿ ತೊಳೆಸಿದಳು. ಉಳಿದವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನೂ ನಕ್ಕೆ. ವಯಸ್ಸಾಯಿತು, ಕೈಗೆ ಒಂದೇ ದಾರಿ ಅಭ್ಯಾಸ ಅಂದೆ. ಫಾದರ್‌ಗೆ ಹೇಳಬೇಡಿ ಅಂತ ಎಲ್ಲರಿಂದಲೂ ಮಾತು ತೆಗೆದುಕೊಂಡೆ. ಪಾಪ, ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ಊರಿಗೆ ಬಂದ ಮೇಲೆ ಎಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೈ ಅಭ್ಯಾಸಬಲದಿಂದ ಹೋಯಿತು, ಸರಿ. ಆದರೆ ಆ ಪ್ರಾರ್ಥನೆ ಅಭ್ಯಾಸದಿಂದ ಬಂದದ್ದಲ್ಲ. ಆ ಹುಡುಗಿಗೋಸ್ಕರ ಹೇಳಿದೆ. ಮನಸ್ಸಿಟ್ಟು ಹೇಳಿದೆ, ಬಲಿಪೀಠದ ಬಟ್ಟೆಗೆ ಹೇಳುವಾಗ ಎಷ್ಟೋ ಸಲ ನನ್ನ ಮನಸ್ಸು ಒಲೆಯ ಮೇಲಿಟ್ಟ ಪಾತ್ರೆಯ ಕಡೆ ಇರುತ್ತದೆ.

ನಿನ್ನ ಪುಟವನ್ನು ಒಪ್ಪಿದೆ ಅಂತ ತಿಳಿಯಬೇಡ. ಆ ಕೊನೆಯ ವಾಕ್ಯವನ್ನು ಇನ್ನೂ ಸ್ವಲ್ಪ ಬಿಡಿಸಿ ಬರೆಯಬಹುದಿತ್ತು ಅಂತ ಈಗಲೂ ಹೇಳುತ್ತೇನೆ. ಆದರೆ ಅದು ಸುಳ್ಳು ಅಂತ ನೀನು ಸಹಿ ಹಾಕಿದರೆ ಅವತ್ತು ಆ ಅಂಗಳದಲ್ಲಿ ನಾನು ಮಾಡಿದ್ದೂ ಸುಳ್ಳಾಗುತ್ತದೆ. ನನ್ನ ಹೆಸರು ಹೇಳಿಕೊಂಡು ಸಹಿ ಹಾಕಲು ಹೊರಟಿದ್ದೀಯ. ನನ್ನ ಹೆಸರಿನಲ್ಲಿ ಆ ಕೆಲಸ ಬೇಡ.

ಆಸೆ ಹೋಯಿತೇ ಅಂತ ಕೇಳಬೇಡ. ಹೋಗಿಲ್ಲ. ಚಿಲಕದ ಮೇಲೆ ಕೈಯಿಟ್ಟೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಓದಿ ಮಧ್ಯಾಹ್ನದ ಊಟ ಬಿಟ್ಟೆ. ನಿನ್ನ ಕೈಯಿಂದಲೇ ಬೇಕು ಅಂತ ಮೊದಲಿಗಿಂತ ಹೆಚ್ಚು ಹಂಬಲಿಸುತ್ತಿದ್ದೇನೆ. ಆದರೂ ಹಾಕಬೇಡ.

ದೊಡ್ಡಕ್ಕನಿಗೆ ಆ ಕಾಗದ ಮತ್ತೆ ಅಂಟಿಸಲು ಹೇಳು.

ಅಮ್ಮ


ಜೂನ್ ೧೬

ಅಮ್ಮ,

ಹಾಕಲಿಲ್ಲ.

ಕಾರ್ಯದರ್ಶಿಗಳು ನಿನ್ನೆ ಬಂದಿದ್ದರು. ಕೆಟ್ಟ ಮನುಷ್ಯರೇನಲ್ಲ, ಸೆಮಿನರಿಯಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವರು. ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಮುಚ್ಚಳ ಹಾಕಿ ವಾಪಸು ಕೊಟ್ಟೆ. "ಇನ್ನೊಂದು ಸಲ ಈ ಕಾಗದ ಬರಲ್ಲ, ಗೊತ್ತಲ್ಲ? ಮೇಲಿನವರು ನಿಷೇಧ ಖಾಯಂ ಮಾಡಿ ಇದನ್ನ ಇಲ್ಲಿಗೇ ಮುಗಿಸಿಬಿಡ್ತಾರೆ" ಅಂದರು. ಗೊತ್ತು ಅಂದೆ. ಹೋಗುವಾಗ ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು.

ನಿನ್ನ ಬಕೆಟ್ಟಿನ ಕಥೆ ಹೊರಬಿದ್ದಿದೆ ಅಂತ ಗೊತ್ತಾದ ಮೇಲೆ ಶೆಡ್ಡಿನವರು ದಿನವೂ ಅದನ್ನು ನನ್ನೆದುರು ಅಭಿನಯಿಸಿ ತೋರಿಸುತ್ತಿದ್ದಾರೆ. ನಿನ್ನ ನಡಿಗೆಯನ್ನು ದೊಡ್ಡಕ್ಕ ಚೆನ್ನಾಗಿ ಮಾಡುತ್ತಾಳೆ. ಕಾಗದ ಮತ್ತೆ ಗೋಡೆ ಹತ್ತಿದೆ. ಕೈಗವಸು ಬಂದಿವೆ. ಎಲ್ಲವೂ ದೊಡ್ಡ ಗಂಡಸರ ಅಳತೆಯವು, ಹಾಕಿಕೊಂಡರೆ ಬೆರಳ ತುದಿ ಜೋತಾಡುತ್ತದೆ. ಅದಕ್ಕಿನ್ನೊಂದು ಜಗಳ ಶುರುವಾಗಿದೆ.

ನನಗೆ ಹಗುರವಾಗಬೇಕಿತ್ತು. ಆಗಿಲ್ಲ. ಬೆಳಗ್ಗೆ ಬಾಗಿಲು ಹಾಕಿಕೊಂಡು ಪೂಜೆಗೆ ನಿಂತರೆ, ಉತ್ತರ ಬರಬೇಕಾದ ಕಡೆಯಲ್ಲೆಲ್ಲ ನನ್ನಷ್ಟಕ್ಕೆ ನಿಂತು ಕಾಯುತ್ತೇನೆ. ಅಮ್ಮ, ನಿನಗೆ ನಾನು ಇದನ್ನು ಇನ್ನು ಯಾವತ್ತು ಕೊಡಲಿ? ನೀನು ಬೇಡವೆಂದೆ, ನಾನು ಕೇಳಿದೆ. ಮುಂದಿನ ದಾರಿ ನನಗೆ ಕಾಣುತ್ತಿಲ್ಲ.

ನಿನ್ನ ಗೂಬೆ


ಜುಲೈ ೨

ಗೂಬೆಗೆ,

ಅಷ್ಟೆಲ್ಲ ಓದಿದವನಿಗೆ ಹೊಳೆಯಬೇಕಿತ್ತು. ದುಃಖದಲ್ಲಿ ಮರೆತಿದ್ದೀಯೋ, ಅಥವಾ ನನಗೆ ಹೇಳಲು ನಿನಗೆ ನಾಲಿಗೆ ಬರಲಿಲ್ಲವೋ. ಎರಡನೆಯದೇ ಇರಬೇಕು.

ಕಳೆದ ವಾರ ನಮ್ಮ ಫಾದರ್ ಹತ್ತಿರ ಹೋಗಿ ಕೇಳಿದೆ. "ಫಾದರ್, ಪೂಜೆ ಮಾಡಬಾರದು ಅಂತ ಅಪ್ಪಣೆಯಾಗಿರೋ ಗುರುಗಳು ಯಾರಿಗೂ ಯಾವತ್ತೂ ಏನೂ ಕೊಡೋ ಹಾಗೇ ಇಲ್ವಾ?" ಅವರು ಕನ್ನಡಕ ತೆಗೆದು ಒರೆಸಿದರು. ಯೋಚಿಸಿ ಹೇಳುವ ಮಾತಿದ್ದಾಗ ಅವರು ಹಾಗೆ ಮಾಡುತ್ತಾರೆ. "ಒಂದು ಸಂದರ್ಭ ಇದೆ ಅಮ್ಮ" ಅಂದರು. "ಸಾಯೋ ಸ್ಥಿತೀಲಿರೋರು ಕರೆದರೆ ಎಂಥಾ ನಿಷೇಧ ಇರೋ ಗುರುವಾದರೂ ಹೋಗಬಹುದು. ಪಾಪನಿವೇದನೆ ಕೇಳಬಹುದು, ಪವಿತ್ರ ಎಣ್ಣೆ ಹಚ್ಚಬಹುದು, ಪರಮಪ್ರಸಾದ ಕೊಡಬಹುದು. ಆಗ ಯಾರೂ ತಡೆಯೋ ಹಾಗಿಲ್ಲ. ಬಿಷಪ್ಪರೂ ತಡೆಯೋ ಹಾಗಿಲ್ಲ." ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. "ಇಷ್ಟು ಖುಷಿಯಿಂದ ಈ ವಿಷಯ ಕೇಳಿದೋರನ್ನ ನಾನು ನೋಡೇ ಇಲ್ಲ" ಅಂದರು, ಆಮೇಲೆ ಕನ್ನಡಕವನ್ನು ಮತ್ತೆ ಒರೆಸಿದರು.

ಅಂದಮೇಲೆ ನನಗೆ ಸಿಕ್ಕೇ ಸಿಗುತ್ತದೆ. ಯಾರ ಸಹಿಯೂ ಬೇಡ. ಮನೆಗೆ ಬಂದು ನಿನ್ನ ತಂಗಿಗೆ ಹೇಳಿದರೆ ಅವಳು ಅತ್ತು, ಬೈದು, ಮಾತ್ರೆಯ ಡಬ್ಬಿ ತಂದು ನನ್ನೆದುರು ಕುಕ್ಕಿದಳು. ನೀನೂ ಗಾಬರಿಯಾಗಬೇಡ. ಮಾತ್ರೆ ಸರಿಯಾಗಿ ನುಂಗುತ್ತಿದ್ದೇನೆ, ಒಂದೂ ತಪ್ಪಿಸಿಲ್ಲ. ಬೇಗ ಸಿಗಲಿ ಅಂತ ನಾನು ಏನೂ ಮೋಸ ಮಾಡುವುದಿಲ್ಲ, ದೇವರ ಮುಂದೆ ಹೇಳಿದ್ದೇನೆ. ಡಾಕ್ಟರು ಇನ್ನೂ ತುಂಬಾ ವರ್ಷ ಇದೆ ಅನ್ನುತ್ತಾರೆ. ಇರಲಿ. ನಾನು ಕಾಯುತ್ತೇನೆ. ನೀನೂ ಕಾಯಿ.

ಮಗನಾಗಿ ಯಾವಾಗ ಬೇಕಾದರೂ ಬಾ, ಅದಕ್ಕೆ ಯಾರ ಅಪ್ಪಣೆ ಬೇಕು. ಬಂದು ಉಂಡು, ಮಲಗಿ, ಅಂಗಿಯ ಗುಂಡಿ ಹೊಲಿಸಿಕೊಂಡು ಹೋಗು. ಗುರುವಾಗಿ ಒಂದೇ ಸಲ ಬಂದರೆ ಸಾಕು. ನಿನ್ನ ತಂಗಿ ಫೋನ್ ಮಾಡುತ್ತಾಳೆ. ಅವಳು ಅಳುತ್ತಿದ್ದರೆ ಮಾತಿಗೆ ಕಾಯಬೇಡ, ಹೊರಟುಬಿಡು. ನೀನು ಹುಟ್ಟಿದ್ದೇ ಡಾಕ್ಟರು ಹೇಳಿದ ತಾರೀಖು ದಾಟಿ ಎಷ್ಟೋ ದಿನಕ್ಕೆ. ಶಾಲೆಗೆ ತಡ, ಊಟಕ್ಕೆ ತಡ, ಕಾಗದ ಬರೆಯುವುದಕ್ಕೆ ತಡ, ಎಲ್ಲವನ್ನೂ ಸಹಿಸಿಕೊಂಡಿದ್ದೇನೆ.

ಅವತ್ತೊಂದು ದಿನ ತಡ ಮಾಡಬೇಡ, ಮಗೂ.

ಅಮ್ಮ